200 ಆಂಪಿಯರ್ ಮಷೀನ್, ಆದರೆ ಎಷ್ಟು ಹೊತ್ತು?

ಕಲಬುರಗಿಯ ಬಿಸಿಲಲ್ಲಿ ಗೇಟು, ಗ್ರಿಲ್, ಟ್ರಾಲಿ ಮಾಡುವ ಕೆಲಸ ನನ್ನದು. ವೆಲ್ಡಿಂಗ್ ಮಷೀನ್ ಕೊಳ್ಳುವವರು 'ಎಷ್ಟು ಆಂಪಿಯರ್?' ಅಂತಲೇ ಕೇಳುತ್ತಾರೆ. ನಾನು ಮೊದಲು ನೋಡುವುದು ಮಷೀನಿಗೆ ಅಂಟಿಸಿದ ಪ್ಲೇಟಿನ ಮೇಲಿನ ಡ್ಯೂಟಿ ಸೈಕಲ್, ಅಂದರೆ ಎಷ್ಟು ಹೊತ್ತು ಓಡಿಸಬಹುದು ಅನ್ನುವ ಲೆಕ್ಕ.

ನನ್ನ ಇನ್ವರ್ಟರ್ ಮಾದರಿಯ ವೆಲ್ಡಿಂಗ್ ಮಷೀನಿನಲ್ಲಿ 200 ಆಂಪಿಯರ್‌ಗೆ 60% ಅಂತ ಬರೆದಿದೆ. ಅಂದರೆ ಪ್ರತಿ 10 ನಿಮಿಷದಲ್ಲಿ 6 ನಿಮಿಷ ವೆಲ್ಡಿಂಗ್, 4 ನಿಮಿಷ ಬಿಡುವು. ಅದೂ 40 ಡಿಗ್ರಿ ಬಿಸಿಯ ಗಾಳಿಗೆ ಹಾಕಿದ ಲೆಕ್ಕ. ನಮ್ಮಲ್ಲಿ ಮೇ ತಿಂಗಳಲ್ಲಿ ನೆರಳಲ್ಲೇ 40 ದಾಟುತ್ತದೆ, ಅಲ್ವಾ? ಆಗ ಬಿಡುವು ಇನ್ನೂ ಜಾಸ್ತಿ ಕೊಡುತ್ತೇನೆ.

ಅದೇ ಪ್ಲೇಟಿನಲ್ಲಿ 100% ಎದುರು 155 ಆಂಪಿಯರ್ ಇದೆ, ಅಂದರೆ ಅಷ್ಟಕ್ಕೆ ಬಿಡುವೇ ಬೇಡ. ಕರೆಂಟ್ ಸ್ವಲ್ಪ ಇಳಿಸಿದರೂ ಬಿಸಿ ತುಂಬಾ ಇಳಿಯುತ್ತದೆ. ಗೇಟಿನ ಕೆಲಸಕ್ಕೆ 3.15 ಎಂಎಂ ರಾಡು, 110 ಆಂಪಿಯರ್ ಸಾಕು. ಹಾಗಾಗಿ ಅಲ್ಲಿ ಚಿಂತೆಯೇ ಇಲ್ಲ. ಟ್ರಾಲಿ ಚಾಸಿಗೆ ಹೆಚ್ಚು ಕರೆಂಟ್ ಬೇಡುವ 4 ಎಂಎಂ ರಾಡು ಹಾಕಿದಾಗ ಮಾತ್ರ ಎಚ್ಚರ. ಒಂದು ರಾಡು ಮುಗಿದ ಕೂಡಲೇ ಇನ್ನೊಂದು ಸಿಕ್ಕಿಸುವುದಿಲ್ಲ. ವೆಲ್ಡಿಂಗ್ ಮೇಲೆ ಕಟ್ಟುವ ಸ್ಲ್ಯಾಗ್ ಪದರ ಕೆರೆದು, ಬ್ರಷ್ ಹೊಡೆದು, ಮುಂದಿನ ಜಾಯಿಂಟಿಗೆ ಚಿಕ್ಕ ಚುಕ್ಕೆ ಹಾಕಿ ಟ್ಯಾಕ್ ಮಾಡುತ್ತೇನೆ. ಕೆಲಸ ನಿಲ್ಲುವುದಿಲ್ಲ, ಮಷೀನಿಗೂ ಉಸಿರು ಸಿಗುತ್ತದೆ.

ಮಷೀನ್ ಜಾಸ್ತಿ ಕಾದು ಹಳದಿ ದೀಪ ಹತ್ತಿದರೆ ಸ್ವಿಚ್ ಆರಿಸಬಾರದು. ಆರಿಸಿದರೆ ಫ್ಯಾನೂ ನಿಲ್ಲುತ್ತದೆ, ಒಳಗಿನ ಬಿಸಿ ಅಲ್ಲೇ ಉಳಿಯುತ್ತದೆ. ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಸುಮ್ನೆ ಬಿಡುತ್ತೇನೆ. ಗ್ರೈಂಡರ್ ಕಿಡಿ ಮಷೀನ್ ಕಡೆ ಹಾರದಂತೆ ನೋಡಿಕೊಳ್ಳುವುದೂ ಈ ಫ್ಯಾನಿನ ಕಾರಣಕ್ಕೇ. ಫ್ಯಾನು ಎಳೆದುಕೊಂಡ ಕಬ್ಬಿಣದ ಪುಡಿ ಬೋರ್ಡನ್ನು ಶಾರ್ಟ್ ಮಾಡುತ್ತದೆ.

ಮಿತಿ ಮಷೀನಿಗಷ್ಟೇ ಅಲ್ಲ, ವೈರಿಗೂ ಇದೆ. ಪೂರ್ತಿ ಲೋಡಿನಲ್ಲಿ ಇಂಥ ಮಷೀನು ಮನೆಯ 16 ಆಂಪಿಯರ್ ಸಾಕೆಟ್ಟಿಗಿಂತ ಬಹಳ ಜಾಸ್ತಿ ಎಳೆಯುತ್ತದೆ. ಹಾಗಾಗಿ ಗಿರಾಕಿಯ ಮನೆಗೆ ಹೋದಾಗ 2.5 ಎಂಎಂ ರಾಡು, 80 ಆಂಪಿಯರ್‌ಗೇ ಮುಗಿಸುವ ಕೆಲಸ ಮಾತ್ರ ಒಪ್ಪಿಕೊಳ್ಳುತ್ತೇನೆ. ಉಳಿದದ್ದು ಅಂಗಡಿಯಲ್ಲೇ. ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಹಾಸುತ್ತೇನೆ, ಸುತ್ತಿಟ್ಟ ವೈರು ಕಾದು ಕರಗುತ್ತದೆ. ರಾಡು ಹಿಡಿಯುವ ಹೋಲ್ಡರ್ ಬುಡವೋ ಅರ್ಥ್ ಕ್ಲಾಂಪೋ ಬಿಸಿಯಾಯಿತೆಂದರೆ ಹೆಚ್ಚಾಗಿ ವೈರಿನ ಜಾಯಿಂಟ್ ಸಡಿಲ ಎಂದು ಅರ್ಥ, ತಕ್ಷಣ ಬಿಗಿ ಮಾಡುತ್ತೇನೆ.

ಪ್ಲೇಟಿನಲ್ಲಿ ಐಪಿ21 ಅಂತಲೂ ಇದೆ. ಮೇಲಿಂದ ತೊಟ್ಟಿಕ್ಕುವ ಹನಿ ತಡೆದೀತು, ಮಳೆಯನ್ನಲ್ಲ. ಆರ್ಕ್ ಇಲ್ಲದಾಗಲೂ ರಾಡಿನ ತುದಿಯಲ್ಲಿ 60–70 ವೋಲ್ಟ್ ಇರುತ್ತದೆ. ಗಿರಾಕಿ ಎಷ್ಟೇ ಅವಸರ ಮಾಡಲಿ, ನೆಲ ಒಣಗುವವರೆಗೆ ಬಯಲಲ್ಲಿ ಹೋಲ್ಡರ್ ಹಿಡಿಯುವುದಿಲ್ಲ. ನನ್ನ ಹುಡುಗರಿಗೂ ಹಿಡಿಯಲು ಬಿಡುವುದಿಲ್ಲ.