ಮಳೆಗಾಲದಲ್ಲಿ ಕಡಲ ಹಕ್ಕಿ ದಡಕ್ಕೆ ಬಿದ್ದರೆ

2023ರ ಜೂನ್. ಬಿಪರ್‌ಜಾಯ್ ಚಂಡಮಾರುತ ದೂರದಲ್ಲೇ ಹೋಗುತ್ತಿತ್ತು, ಆದರೂ ನಮ್ಮ ಕಡಲು ಕೆರಳಿತ್ತು. ಮರವಂತೆಯ ಮರಳಿನ ಮೇಲೆ ಬಾತುಕೋಳಿಗಿಂತ ದೊಡ್ಡದೊಂದು ಬಿಳಿ ಹಕ್ಕಿ ಕೂತಿತ್ತು, ಮುಖ ಮಾತ್ರ ಕಪ್ಪು. ಮಾಸ್ಕ್ಡ್ ಬೂಬಿ ಅನ್ನೋ ಕಡಲ ಹಕ್ಕಿ ಅದು. "ಕಚ್ಚುತ್ತದೆ ಅಕ್ಕ" ಅಂತ ಹುಡುಗರು ಕೊಕ್ಕಿಗೆ ಬಲೆಯ ನೂಲು ಸುತ್ತಿದ್ದರು.

ಮೊದಲು ಆ ನೂಲು ಬಿಚ್ಚಿದೆ. ಬೂಬಿಯ ಕೊಕ್ಕಿನ ಮೇಲೆ ಹೊಳ್ಳೆಗಳೇ ಇರುವುದಿಲ್ಲ. ಎತ್ತರದಿಂದ ಕಡಲಿಗೆ ಧುಮುಕುವ ಹಕ್ಕಿ, ನೀರು ನುಗ್ಗಬಾರದು ಅಲ್ವಾ? ಬಾಯಿಯ ಮೂಲೆಯ ಸಂದಿಯಿಂದಲೇ ಉಸಿರಾಡುತ್ತದೆ. ಕೊಕ್ಕು ಬಿಗಿದರೆ ಉಸಿರೂ ಕಟ್ಟಿತು.

ಹೀಗೆ ಹಿಡಿಯಿರಿ: ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ, ಹಕ್ಕಿಜ್ವರ ಇರಬಹುದು. ಹಿಂದಿನಿಂದ ಬಂದು ಹಳೆ ಟವೆಲನ್ನು ತಲೆ ಸಮೇತ ಹೊದಿಸಿ. ಕತ್ತಲಾದರೆ ಅದು ಸುಮ್ಮನಾಗುತ್ತದೆ. ರೆಕ್ಕೆ ಮಡಿಸಿ ಎರಡೂ ಕೈಯಲ್ಲಿ ಎತ್ತಿ, ಎದೆ ಅದುಮಬೇಡಿ. ನಿಮ್ಮ ಮುಖದಿಂದ ದೂರವಿರಲಿ, ಕೊಕ್ಕು ನೇರ ಕಣ್ಣಿಗೇ ಬರುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಕೂರಿಸಿ. ಮೀನಿನ ಥರ್ಮೊಕೋಲ್ ಪೆಟ್ಟಿಗೆಗೆ ಮುಚ್ಚಳ ಹಾಕಿದರೆ ಗಾಳಿ ಆಡುವುದಿಲ್ಲ, ಬೇಡ.

ಬಾಯಿಗೆ ನೀರು ಹೊಯ್ಯಬೇಡಿ, ಬೂತಾಯಿ ಮೀನು ತುರುಕಬೇಡಿ. ಪಾಪ ಅಂತ ವಾಪಸ್ ಕಡಲಿಗೆ ಬಿಡಲೇಬೇಡಿ. ಸೂಟಿ ಟರ್ನ್ ಅನ್ನೋ ಕಡಲ ಹಕ್ಕಿ ಆಗಿದ್ದರಂತೂ ಸತ್ತೇಹೋಗುತ್ತದೆ. ಅದರ ಗರಿಗೆ ನೀರು ತಡೆಯುವ ಎಣ್ಣೆ ಸಾಲದು, ನೀರಿನ ಮೇಲೆ ಕೂರಲಾರದು, ಹಾರುತ್ತಲೇ ಬದುಕುತ್ತದೆ. ಅದು ಮೊಟ್ಟೆ ಇಡುವ ಜಾಗಗಳಲ್ಲಿ ಒಂದು ಲಕ್ಷದ್ವೀಪದ ಪಿಟ್ಟಿ, ತೀರಾ ತಗ್ಗಾದ ಪುಟ್ಟ ದಿಣ್ಣೆ. ಕಡಲು ಏರಿದರೆ ಅದಕ್ಕೆ ಗೂಡಿನ ನೆಲವೇ ಇಲ್ಲ ಅಂತ ನೆನೆದರೆ ನನಗೆ ಸಂಕಟವಾಗುತ್ತದೆ.

ಅರಬ್ಬಿ ಸಮುದ್ರ ಬಿಸಿಯೇರುತ್ತಿದೆ, ಬಿಸಿ ನೀರೇ ಚಂಡಮಾರುತಕ್ಕೆ ಬಲ. 1982–2000ಕ್ಕೆ ಹೋಲಿಸಿದರೆ 2001–2019ರಲ್ಲಿ ಇಲ್ಲಿ ಚಂಡಮಾರುತಗಳು ಶೇ. 52ರಷ್ಟು ಜಾಸ್ತಿಯಾದವು. ನಡುಗಡಲಲ್ಲೇ ಇರಬೇಕಾದ ಹಕ್ಕಿಯನ್ನು ನಮ್ಮ ದಡಕ್ಕೆ ತಂದು ಎಸೆಯುವುದು ಇಂಥ ಗಾಳಿಯೇ.

ಪೆಟ್ಟಿಗೆ ಮುಚ್ಚಿದ ಕೂಡಲೇ ಅರಣ್ಯ ಇಲಾಖೆಗೆ ಫೋನ್ ಮಾಡಿ, ಸಹಾಯವಾಣಿ 1926. ಮನೆಯಲ್ಲಿ ಸಾಕುವುದು ಅಪರಾಧ. ಡಾಲ್ಫಿನ್ ಬಿದ್ದಿದ್ದರೂ ಅದೇ ನಂಬರ್. ಅವರು ಬರುವ ತನಕ ಒದ್ದೆ ಬಟ್ಟೆ ಹೊದಿಸಿ, ನೆತ್ತಿಯ ಉಸಿರುತೂತು ಮಾತ್ರ ತೆರೆದಿರಲಿ, ಬಾಲ ಹಿಡಿದು ಎಳೆಯಬೇಡಿ.

ಹಕ್ಕಿ ಸತ್ತಿದ್ದರೆ ಮುಟ್ಟದೆ, ಅಳತೆಗೆ ಪಕ್ಕದಲ್ಲಿ ಚಪ್ಪಲಿ ಇಟ್ಟು ಫೋಟೋ ತೆಗೆಯಿರಿ. ದಿನ, ಜಾಗ ಬರೆದಿಡಿ. ಕಾಲಲ್ಲಿ ಹಕ್ಕಿ ಅಧ್ಯಯನದವರು ತೊಡಿಸಿದ ಉಂಗುರ ಇದ್ದರೆ ಅದರ ನಂಬರನ್ನೂ.