ಬಡ್ಡಿ ಪೈಪೋಟಿಯಲ್ಲಿ ಸೋತ ಮೇಲೆ ನಮ್ಮ ಪತ್ತಿನ ಸಂಘ ಉಳಿದದ್ದು ಹೀಗೆ

ಸಣ್ಣ ಪತ್ತಿನ ಸಂಘವೊಂದರ ಕಾರ್ಯದರ್ಶಿ ನಾನು. ದೊಡ್ಡ ಬ್ಯಾಂಕುಗಳ ಜತೆ ಬಡ್ಡಿಯಲ್ಲಿ ಪೈಪೋಟಿಗೆ ಇಳಿದು ಕೈ ಸುಟ್ಟುಕೊಂಡವರು ನಾವು. ಠೇವಣಿಗೆ ಬಡ್ಡಿ ಏರಿಸಿದೆವು, ಸಾಲಕ್ಕೆ ಇಳಿಸಿದೆವು. ದುಡ್ಡೇನೋ ಬಂತು, ಆದರೆ ಬೇರೆಯವರು ಕಾಲು ಪರ್ಸೆಂಟ್ ಜಾಸ್ತಿ ಕೊಟ್ಟ ದಿನ ಎದ್ದು ಹೋಯಿತು. ಅಷ್ಟರಲ್ಲಿ ನಾವು ಅದನ್ನು ಐದು ವರ್ಷದ ಸಾಲವಾಗಿ ಹಂಚಿಬಿಟ್ಟಿದ್ದೆವು! ಎರಡು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ.

ದಾರಿ ಸಿಕ್ಕಿದ್ದು ಒಂದು ಹಾಳೆಯಲ್ಲಿ. ಹಳೇ ಸದಸ್ಯರೊಬ್ಬರು ಬಂದು, "ಏನ್ ಸಾರ್, ಹೊರಗೆ 12 ಪರ್ಸೆಂಟಿಗೆ ಸಾಲ ಕೊಡ್ತಾರೆ, ನೀವು 14 ಅಂತೀರಾ" ಅಂದರು. ಅವರ ಕೈಲಿದ್ದ ಕಾಗದ ನೋಡಿದೆ. ಫ್ಲಾಟ್ ಬಡ್ಡಿ. ಅಂದರೆ ಒಂದು ಲಕ್ಷ ತಗೊಂಡರೆ, ತಿಂಗಳು ತಿಂಗಳೂ ಅಸಲು ತೀರುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೆಯೇ, ವರ್ಷಕ್ಕೆ 12,000. ನಮ್ಮದು ಉಳಿದ ಅಸಲಿನ ಮೇಲೆ ಮಾತ್ರ. 14ರ ದರದಲ್ಲೂ 12 ಕಂತಿಗೆ ಒಟ್ಟು ಬಡ್ಡಿ ಸುಮಾರು 7,745. ಅವರ 12ನ್ನು ನಮ್ಮ ಲೆಕ್ಕಕ್ಕೆ ತಂದರೆ ಇಪ್ಪತ್ತೊಂದೂವರೆ ಆಸುಪಾಸು ಬರುತ್ತದೆ! ಒಂದೊಂದು ಕಂತನ್ನೂ ಬರೆದು ತೋರಿಸಿದೆ. ಅವರು ಎರಡು ಸಲ ಕೂಡಿ ನೋಡಿದರು, ಹಾಳೆ ಮಡಚಿ ಜೇಬಿಗಿಟ್ಟರು. ಮರುವಾರ ಭಾವಮೈದುನನನ್ನೂ ಕರಕೊಂಡು ಬಂದರು.

ಈಗ ಸಾಲ ಕೇಳಿದವರಿಗೆಲ್ಲ ಆ ಹಾಳೆ ಕೊಡುತ್ತೇವೆ, ಅರ್ಜಿ ಶುಲ್ಕ, ವಿಮೆ ಎಲ್ಲ ಸೇರಿಸಿ. ಹೊರಗೇ ಅಗ್ಗ ಬಿದ್ದರೆ ಅದನ್ನೂ ಹೇಳುತ್ತೇವೆ. ಇದಕ್ಕೆ ಆಡಳಿತ ಮಂಡಳಿಯಲ್ಲಿ ಗಲಾಟೆಯೇ ಆಯಿತು, ಬಿಡಿ.

ವಸೂಲಿಯದ್ದು ಇನ್ನೊಂದು ಕಥೆ. ಕಂತಿನ ತಾರೀಕು ಎಲ್ಲರಿಗೂ 5. ಕೆಲವರಿಗೆ ಸಂಬಳ ಆಗುವುದೇ 10ಕ್ಕೆ, ಪಾಪ, ಪ್ರತಿ ತಿಂಗಳೂ ಸುಸ್ತಿ ಪಟ್ಟಿಯಲ್ಲಿ ಅವರದೇ ಹೆಸರು. ನಾವು ವರ್ಷಗಟ್ಟಲೆ ಸುಮ್ನೆ ಅವರನ್ನು ಬೈದುಕೊಂಡಿದ್ದೆವು. ತಾರೀಕು ಬದಲಿಸಿದೆವು, ಅಷ್ಟೇ. ಈಗ ಕಂತು ತಪ್ಪಿದ ಮೂರನೇ ದಿನವೇ ಫೋನ್ ಮಾಡುತ್ತೇವೆ, ಮೊದಲ ಮಾತು "ಹುಷಾರಿದ್ದೀರಾ" ಅಂತ. ಮೂರು ತಿಂಗಳು ಬಿಟ್ಟು ನೋಟಿಸ್ ಕಳಿಸಿದರೆ ಯಾರೇ ಆಗಲಿ ಮುಖ ತಪ್ಪಿಸಿ ಓಡಾಡುತ್ತಾರೆ, ಅಲ್ವಾ?

ಆ್ಯಪ್ ನಾವೊಬ್ಬರೇ ಮಾಡಿಸುವಂತಿರಲಿಲ್ಲ. ನಮ್ಮಂಥ ನಾಲ್ಕು ಸಂಘ ಸೇರಿ ಒಂದೇ ಸಾಫ್ಟ್‌ವೇರ್ ಬಾಡಿಗೆಗೆ ತಗೊಂಡೆವು. ಬಾಕಿ ಎಷ್ಟು, ಕಂತು ಯಾವಾಗ, ರಸೀದಿ ಎಲ್ಲಿ, ಇಷ್ಟು ಕಂಡರೆ ಸದಸ್ಯರಿಗೆ ಸಾಕು.

ಐದು ವರ್ಷದ ಸಾಲವನ್ನು ದೀರ್ಘಾವಧಿ ಠೇವಣಿ ಎಷ್ಟಿದೆಯೋ ಅಷ್ಟಕ್ಕೇ ನಿಲ್ಲಿಸಿದ್ದೇವೆ. ಠೇವಣಿ ಬಡ್ಡಿ ಈಗಲೂ ಹೊರಗಿಗಿಂತ ಕಾಲು ಪರ್ಸೆಂಟ್ ಕಡಿಮೆಯೇ. ಮಹಾಸಭೆಯಲ್ಲಿ ಒಬ್ಬರು ಎದ್ದು ನಿಂತು ಪ್ರತಿ ವರ್ಷ ಅದನ್ನೇ ಕೇಳುತ್ತಾರೆ. ಅವರ ಠೇವಣಿ ಮಾತ್ರ ಇನ್ನೂ ನಮ್ಮಲ್ಲೇ ಇದೆ.