ಶಾಲೆಯಿಂದ ಲಸಿಕೆ ಚೀಟಿ ಬಂದಾಗ

ಐದನೇ ತರಗತಿಯ ಮಗಳು ತಂದ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: 'ಟಿಡಿ ಲಸಿಕೆಗೆ ಒಪ್ಪಿಗೆ ಇದೆ / ಇಲ್ಲ.' ಟಿಡಿ ಅಂದರೆ ಧನುರ್ವಾಯು, ಗಂಟಲಮಾರಿ (ಡಿಫ್ತೀರಿಯಾ) ಎರಡನ್ನೂ ತಡೆಯುವ ಲಸಿಕೆ. ಅವತ್ತು ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದಿತ್ತು, ಸೊಪ್ಪು ಹಾಕಿದಷ್ಟೂ ಸಾಲದು. ಸುಮ್ನೆ ಸಹಿ ಗೀಚಿ ಕಳಿಸುವವಳಿದ್ದೆ. ನೀವು ಹಾಗೆ ಮಾಡಬೇಡಿ.

ಮೊದಲು ಮಗುವಿನ ಲಸಿಕೆಗಳನ್ನು ಬರೆದಿರುವ ತಾಯಿ ಕಾರ್ಡ್ ಹುಡುಕಿ. 5-6 ವರ್ಷಕ್ಕೆ ಡಿಪಿಟಿ (ಇವೆರಡರ ಜೊತೆ ನಾಯಿಕೆಮ್ಮನ್ನೂ ತಡೆಯುವ ಲಸಿಕೆ) ಎರಡನೇ ಬೂಸ್ಟರ್, 10ಕ್ಕೆ ಮತ್ತು 16ಕ್ಕೆ ಟಿಡಿ. ಯಾವುದು ಆಗಿದೆ, ಯಾವುದು ಬಾಕಿ ಅಂತ ನೋಡಿ. 'ಮಗುವಾಗಿದ್ದಾಗ ಹಾಕಿಸಿದ್ದೀವಲ್ಲ, ಮತ್ಯಾಕೆ?' ಅಂದರು ನಮ್ಮತ್ತೆ. ಕೇಳಬೇಕಾದ ಮಾತೇ. ಗಂಟಲಮಾರಿ, ಧನುರ್ವಾಯು ತಡೆಯುವ ಶಕ್ತಿ ವರ್ಷ ಕಳೆದಂತೆ ಇಳಿಯುತ್ತದೆ, ಅದಕ್ಕೇ ಮತ್ತೆ ಹಾಕುವುದು. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಲ್ಲಿ, ಸಗಣಿಯಲ್ಲಿ. ನಮ್ಮ ಮಕ್ಕಳು ಆಡುವುದೂ ಅಲ್ಲೇ ಅಲ್ವಾ? ಈಚೆಗೆ ಮೊಳೆ ಚುಚ್ಚಿ ಇಂಜೆಕ್ಷನ್ ಆಗಿದ್ದರೆ ಮಾತ್ರ ಸಿಸ್ಟರ್‌ಗೆ ಮೊದಲೇ ಹೇಳಿ.

ಚೀಟಿಯಲ್ಲಿ ಜಾಗ ಇರುವುದಿಲ್ಲ, ಹಿಂಬದಿಗೆ ಬರೆಯಿರಿ: ಹಿಂದೆ ಲಸಿಕೆಗೆ ಮೈ ದದ್ದು ಎದ್ದಿತ್ತೇ, ಫಿಟ್ಸ್ ಇದೆಯೇ, ಯಾವ ಮಾತ್ರೆ ನಡೆಯುತ್ತಿದೆ. ನೆಗಡಿಗೆಲ್ಲ ಮುಂದೂಡಬೇಕಿಲ್ಲ. ಮೈ ಸುಡುವ ಜ್ವರ ಇದ್ದರೆ ಅವತ್ತು ಬೇಡ. ಲಸಿಕೆ ಆದ ಮೇಲೆ ಅರ್ಧ ಗಂಟೆ ಕೂರಿಸುತ್ತೀರಾ ಅಂತ ಟೀಚರನ್ನು ಕೇಳಿಕೊಳ್ಳಿ. ನಾನು ಕೇಳಿದಾಗ ಅವರಿಗೇನೂ ಬೇಜಾರಾಗಲಿಲ್ಲ.

ಇನ್ನು ತಿಂಡಿ. ನಮ್ಮ ದೊಡ್ಡವನು ಹಿಂದೊಮ್ಮೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಸಾಲಲ್ಲಿ ನಿಂತು, ಮುಂದಿನವನ ತೋಳಿಗೆ ಸೂಜಿ ಇಳಿದದ್ದು ನೋಡಿ ದಪ್ಪನೆ ಬಿದ್ದ. ಅವನಿಗಿನ್ನೂ ಲಸಿಕೆ ಹಾಕೇ ಇರಲಿಲ್ಲ! ಸಂಜೆಯೊಳಗೆ ಬೀದಿಯೆಲ್ಲ 'ಇಂಜೆಕ್ಷನ್ನಿಂದ ಹುಡುಗ ಬಿದ್ದನಂತೆ'. ಅದನ್ನು ಕೇಳಿ ಇಬ್ಬರು ತಾಯಂದಿರು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡರು. ಈ ಸಲ ಮಗಳಿಗೆ ಹೊಟ್ಟೆ ತುಂಬ ಚಿತ್ರಾನ್ನ ತಿನ್ನಿಸಿ, ತೋಳು ಸಡಿಲ ಇರುವ ಅಂಗಿ ಹಾಕಿ, 'ನೋವಾಗುತ್ತೆ ಕಣೇ, ಇರುವೆ ಕಚ್ಚಿದ್ದಕ್ಕಿಂತ ಸ್ವಲ್ಪ ಜಾಸ್ತಿ' ಅಂತ ನಿಜವನ್ನೇ ಹೇಳಿದೆ.

ರಾತ್ರಿ ತೋಳು ಊದಿತು, ಮೈ ಸ್ವಲ್ಪ ಬೆಚ್ಚಗಾಯಿತು. ಒದ್ದೆ ಬಟ್ಟೆ ಇಡಿ, ಉಜ್ಜಬೇಡಿ. ಪ್ಯಾರಾಸಿಟಮಾಲ್ ಬೇಕಾದರೆ ತೂಕ ಹೇಳಿ ಎಷ್ಟು ಅಂತ ಕೇಳಿಯೇ ಕೊಡಿ. ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಅವತ್ತು ರಜೆ ಹಾಕಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಆರೋಗ್ಯ ಕೇಂದ್ರದಲ್ಲೂ ಪುಕ್ಕಟೆಯಾಗಿ ಹಾಕುತ್ತಾರೆ. ಹಾಕಿಸಿದ ತಾರೀಖನ್ನು ಅವತ್ತೇ ಕಾರ್ಡಿನಲ್ಲಿ ಬರೆಸಿಕೊಳ್ಳಿ. ನಮ್ಮದು ಈಗ ಟ್ರಂಕಿನಲ್ಲಿ, ಹಿಪ್ಪುನೇರಳೆ ತೋಟದ ಪಹಣಿ ಜೊತೆಗಿದೆ.